ಹುಣಸೆ ಬೀಜ ಕಟ್ಟಿದ ಕರ್ಚೀಫು

ನನ್ನ ಬ್ಯಾಗಿನಲ್ಲಿ ಯಾವಾಗಲೂ ಎರಡು ಕರ್ಚೀಫು ಇರುತ್ತವೆ. ಒಂದು ಮುಖ ಒರೆಸಲಿಕ್ಕೆ, ಇನ್ನೊಂದು ಬಸ್ಸಿಗೆ ಎಸೆಯಲಿಕ್ಕೆ. ಮುಖ ಒರೆಸುವುದು ತಿಂಗಳಿಗೊಮ್ಮೆ ಎಲ್ಲಾದರೂ ಕಳೆದುಹೋಗುತ್ತದೆ. ಎಸೆಯುವುದು ಮಾತ್ರ ಇಪ್ಪತ್ತು ವರ್ಷದಿಂದ ಅದೇ. ನೀಲಿ ಅಂಚಿನದ್ದು, ಒಗೆದೂ ಒಗೆದೂ ಹಪ್ಪಳದಷ್ಟು ತೆಳ್ಳಗಾಗಿದೆ. ಮೊನ್ನೆ ಬ್ಯಾಗು ಕೊಡವುವಾಗ ಅದು ನೆಲಕ್ಕೆ ಬಿದ್ದು ‘ಟಕ್’ ಎಂದಿತು. ಬಟ್ಟೆ ಬಿದ್ದರೆ ಸದ್ದಾಗುತ್ತದೆಯೇ ಎಂದು ನೀವು ಕೇಳಬಹುದು. ತುದಿಯಲ್ಲಿ ಹುಣಸೆ ಬೀಜ ಕಟ್ಟಿದ್ದರೆ ಆಗುತ್ತದೆ.

ಇದು ನನ್ನ ಅಪ್ಪ ಕಲಿಸಿದ ವಿದ್ಯೆ. ಅಪ್ಪ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಬಹಳ ಸಾಧು ಮನುಷ್ಯ, ಬೆಕ್ಕಿಗೂ ‘ಸ್ವಲ್ಪ ಆಚೆ ಹೋಗ್ತೀಯಾ’ ಎಂದು ಕೇಳುವವರು. ಆದರೆ ಬಸ್ಸು ಕಂಡರೆ ಸಾಕು, ಅವರೊಳಗೊಬ್ಬ ಸೇನಾಪತಿ ಎದ್ದು ನಿಲ್ಲುತ್ತಿದ್ದ. ಆಗಿನ ಬಸ್ಸುಗಳ ಕಿಟಕಿಗೆ ಸರಳು ಇರಲಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅಪ್ಪ ನನ್ನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಕಿಟಕಿಯಿಂದ ಒಳಗೆ ಇಳಿಸಿಬಿಡುತ್ತಿದ್ದರು. ಇಡೀ ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಯಾರಾದರೂ ಹತ್ತಿರ ಬಂದರೆ ‘ಆಳು ಉಂಟು, ಆಳು ಉಂಟು’ ಎಂದು ಕೂಗುವುದು ನನ್ನ ಕೆಲಸ. ಅಂದರೆ ಏಳು ವರ್ಷದವರೆಗೆ ನಮ್ಮ ಮನೆಯ ಕರ್ಚೀಫು ನಾನೇ. ಆಮೇಲೆ ನನ್ನ ಗಾತ್ರಕ್ಕೆ ಕಿಟಕಿ ಸಾಲದಾಯಿತು. ಅಪ್ಪ ನಿಟ್ಟುಸಿರು ಬಿಟ್ಟು ಬಟ್ಟೆಯ ಕರ್ಚೀಫಿಗೆ ಬಂದರು.

ಬರೀ ಕರ್ಚೀಫು ಗಾಳಿಗೆ ಹಾರುತ್ತದೆ, ಮುಂದಿನ ಸೀಟಿಗೆ ಎಸೆದದ್ದು ಹಿಂದಿನ ಸೀಟಿಗೆ ಬೀಳುತ್ತದೆ. ಬ್ಯಾಗು ಎಸೆದರೆ ಒಳಗಿರುವ ಬುತ್ತಿಯ ಸಾರು ಚೆಲ್ಲುತ್ತದೆ. ಕೊಡೆ ಎಸೆದರೆ ಯಾರದಾದರೂ ಕಣ್ಣಿಗೆ ತಾಗುತ್ತದೆ. ಹುಣಸೆ ಬೀಜವೊಂದನ್ನು ತುದಿಗೆ ಕಟ್ಟಿದರೆ ಬಾಣದ ಹಾಗೆ ಹೋಗಿ ಕೂತುಕೊಳ್ಳುತ್ತದೆ. ಒಮ್ಮೆ ಕೂತರೆ ಮುಗಿಯಿತು. ನಮ್ಮ ಊರಿನ ಜನ ಸಿಗ್ನಲ್ಲಿಗೆ ಹೆದರದೆ ಇರಬಹುದು, ಪೊಲೀಸರಿಗೆ ಹೆದರದೆ ಇರಬಹುದು. ಸೀಟಿನ ಮೇಲೆ ಬಿದ್ದ ಕರ್ಚೀಫನ್ನು ಯಾರೂ ಮುಟ್ಟುವುದಿಲ್ಲ. ಅದನ್ನು ಕಂಡವರು ದೇವರ ಹರಕೆಯ ಕಾಣಿಕೆ ಕಂಡ ಹಾಗೆ ಪಕ್ಕಕ್ಕೆ ಸರಿಯುತ್ತಾರೆ.

ಇಷ್ಟು ಪೀಠಿಕೆ ಹಾಕಿದ್ದು ಯಾಕೆಂದರೆ, ನಾನು ಮೌಲ್ಯ ಶಿಕ್ಷಣದ ಟೀಚರ್.

ನೀವು ನಗುತ್ತೀರಿ ಎಂದು ಗೊತ್ತು. ನಾನಾಗಿ ಕೇಳಿ ಪಡೆದದ್ದಲ್ಲ. ಕುದ್ರೋಳಿಯ ಒಂದು ಚಿಕ್ಕ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮತ್ತು ಪರಿಸರ ಅಧ್ಯಯನ ಹೇಳಿಕೊಂಡು ಸುಖವಾಗಿದ್ದೆ. ಜೂನ್ ತಿಂಗಳ ಸ್ಟಾಫ್ ಮೀಟಿಂಗಿನ ದಿನ ಜ್ವರವೆಂದು ರಜೆ ಹಾಕಿದೆ. ಮಾರನೆಯ ದಿನ ಬಂದು ನೋಡಿದರೆ ಟೈಂ ಟೇಬಲ್ಲಿನಲ್ಲಿ ‘ಶುಕ್ರವಾರ ಕೊನೆಯ ಪೀರಿಯಡ್, ಐದನೇ ತರಗತಿ, ಮೌಲ್ಯ ಶಿಕ್ಷಣ: ವಾರಿಜ ಟೀಚರ್’ ಎಂದು ಬರೆದಿತ್ತು. ಯಾರಿಗೂ ಬೇಡದ ಕೆಲಸ ಆ ದಿನ ಬಾರದವರಿಗೆ ಎಂಬುದು ಎಲ್ಲ ಶಾಲೆಗಳ ಅಲಿಖಿತ ನಿಯಮ.

“ನಿಮಗೇ ಸರಿ ವಾರಿಜ ಟೀಚರ್,” ಎಂದರು ನಮ್ಮ ಹೆಡ್ ಟೀಚರ್ ಐರಿನ್. “ನಿಮ್ಮ ಸ್ವರ ದೊಡ್ಡದುಂಟು.”

ಮೌಲ್ಯಕ್ಕೂ ಸ್ವರಕ್ಕೂ ಎಂತ ಸಂಬಂಧ ಎಂದು ನಾನು ಕೇಳಲಿಲ್ಲ. ಮೂರು ದಿನದ ತರಬೇತಿಗೆ ಹೋಗಿ ಬಂದೆ. ಅಲ್ಲಿ ಕಲಿತದ್ದರಲ್ಲಿ ಮೂರು ಪಾಠ ನನಗೆ ಬಹಳ ಇಷ್ಟವಾದವು. ಸರದಿ ಕಾಯುವುದು, ಬೇಡ ಎಂದರೆ ಬೇಡ, ಮತ್ತು ಸಾರಿ ಹೇಳುವ ಕ್ರಮ.

ಮಕ್ಕಳಿಗೆ ಮೌಲ್ಯ ಕಲಿಸುವುದರಲ್ಲಿ ಇರುವ ಅಪಾಯ ಒಂದೇ. ಅವರು ಕಲಿತುಬಿಡುತ್ತಾರೆ. ಗಣಿತ ಕಲಿಸಿದರೆ ಪರೀಕ್ಷೆ ಮುಗಿದ ಸಂಜೆಯೇ ಮರೆಯುವ ಪುಣ್ಯಾತ್ಮರು ಇದನ್ನು ಮಾತ್ರ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ‘ಬೇಡ ಎಂದರೆ ಬೇಡ’ ಪಾಠ ಮಾಡಿದ ವಾರವೇ ನಮ್ಮ ಕ್ಲಾಸಿನ ಮನ್ವಿತನ ಮನೆಗೆ ಮಸ್ಕತ್ತಿನಿಂದ ಅವನ ಸೋದರಮಾವ ಬಂದರು. ವಾಡಿಕೆಯಂತೆ ಅಳಿಯನ ಎರಡೂ ಕೆನ್ನೆ ಹಿಂಡಲು ಕೈ ಚಾಚಿದರೆ ಇವನು ಹಿಂದೆ ಸರಿದು, “ಮಾವ, ಇದು ನನ್ನ ಕೆನ್ನೆ. ಕೇಳಿ ಮುಟ್ಟಬೇಕು. ಈಗ ಬೇಡ,” ಎಂದನಂತೆ. ಮರುದಿನ ಅವನ ತಾಯಿ ಶಾಲೆಯ ಬಾಗಿಲಲ್ಲಿ ನಿಂತಿದ್ದರು.

“ನೀವು ಕಲಿಸಿದ್ದು ಒಳ್ಳೆಯದೇ ಟೀಚರೇ. ಆದರೆ ಅಣ್ಣನಿಗೆ ಬೇಸರ ಆಗಿದೆ. ಚಾಕಲೇಟಿನ ಪೆಟ್ಟಿಗೆ ಹಾಗೇ ಉಂಟು, ಬಿಚ್ಚಲೇ ಇಲ್ಲ.”

“ಮನ್ವಿತ್ ಎಂತ ಹೇಳ್ತಾನೆ?”

“ಪೆಟ್ಟಿಗೆ ಬಿಚ್ಚಿದರೆ ಒಂದು ಕೆನ್ನೆ ಕೊಡ್ತೇನೆ ಅಂತ ಹೇಳ್ತಾನೆ.”

ಸರದಿಯ ಪಾಠವನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ರಿಫಾ. ಕುದ್ರೋಳಿಯಲ್ಲೇ ಮನೆ, ಅವಳ ಚಿಕ್ಕಪ್ಪನದು ಬಂದರಿನ ಹತ್ತಿರ ಅಂಗಡಿ. ಸಣಕಲು ಹುಡುಗಿ, ದೊಡ್ಡ ಕಣ್ಣು, ಮಾತು ಕಡಿಮೆ. ಶಾಲೆಯ ಮಂತ್ರಿಮಂಡಲದಲ್ಲಿ ಅವಳು ಶಿಸ್ತು ಮಂತ್ರಿ. ರಟ್ಟಿಗೆ ಕೆಂಪು ರಿಬ್ಬನ್ ಅಂಟಿಸಿ ಮಾಡಿದ ಬ್ಯಾಡ್ಜೊಂದು ಅವಳಿಗಿತ್ತು. ಅದರ ಪಿನ್ನು ಬಹಳ ಗಟ್ಟಿ, ಅವಳ ಬೆರಳಿಗೆ ಬಗ್ಗುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ನನ್ನ ಮುಂದೆ ಬಂದು ಎದೆ ಸೆಟೆಸಿ ನಿಂತರೆ ನಾನು ಚುಚ್ಚಿಕೊಡಬೇಕು. ಆಮೇಲೆ ಅವಳು ನೀರಿನ ನಲ್ಲಿಯ ಹತ್ತಿರ ಹೋಗಿ ನಿಂತರೆ ಆರನೇ ತರಗತಿಯ ಗಂಡು ಹುಡುಗರೂ ಸಾಲಾಗುತ್ತಿದ್ದರು. ಮನೆಯಲ್ಲೂ ಬಚ್ಚಲಿಗೆ ಸರದಿ ಮಾಡಿಸಿ, ಚಿಕ್ಕಪ್ಪನನ್ನು ಟವೆಲ್ಲು ಹೆಗಲಿಗೆ ಹಾಕಿಸಿ ನಾಲ್ಕನೆಯವರಾಗಿ ನಿಲ್ಲಿಸಿದ್ದಳೆಂದೂ ಆ ದಿನ ಅಂಗಡಿ ತಡವಾಗಿ ತೆರೆಯಿತೆಂದೂ ಸುದ್ದಿ.

ಮೂರನೆಯದು, ಸಾರಿ. ಅದಕ್ಕೆ ಮೂರು ಮೆಟ್ಟಿಲು. ಮೊದಲು, ಮಾಡಿದ ತಪ್ಪನ್ನು ಬಾಯಿ ಬಿಟ್ಟು ಹೇಳಬೇಕು. ಎರಡು, ಅದರಿಂದ ಯಾರಿಗೆ ಎಂತ ನೋವಾಯಿತು ಎಂದು ಹೇಳಬೇಕು. ಮೂರು, ಸರಿಮಾಡಲು ಎಂತ ಮಾಡುತ್ತೇನೆ ಎಂದು ಹೇಳಬೇಕು. ಮಧ್ಯದಲ್ಲಿ ‘ಆದರೆ’ ಬರಕೂಡದು. ‘ಸಾರಿ, ಆದರೆ ಅವನೇ ಮೊದಲು ನೂಕಿದ್ದು’ ಎಂದರೆ ಅದು ಸಾರಿ ಅಲ್ಲ, ಜಗಳದ ಎರಡನೇ ಭಾಗ. ಹಾಗಾಗಿ ಯಾರಾದರೂ ‘ಆದರೆ’ ಎಂದ ಕೂಡಲೇ ಇಡೀ ಕ್ಲಾಸು “ಔಟ್!” ಎಂದು ಕೂಗಬೇಕು, ಅವರು ಮತ್ತೆ ಮೊದಲಿನಿಂದ ಶುರುಮಾಡಬೇಕು. ಈ ನಿಯಮ ಮಾಡಿದವಳು ನಾನೇ. ಮಾಡುವಾಗ ಬಹಳ ಹೆಮ್ಮೆಯಾಗಿತ್ತು.

ಇನ್ನು ಆ ಶುಕ್ರವಾರಕ್ಕೆ ಬರುತ್ತೇನೆ.

ಆ ದಿನ ಸರದಿಯ ಪಾಠವನ್ನೇ ಇನ್ನೊಮ್ಮೆ ಹೇಳಿ, ‘ಮೊದಲು ಬಂದವರು ಮೊದಲು, ವಯಸ್ಸಾದವರು ಎಲ್ಲರಿಗಿಂತ ಮೊದಲು’ ಎಂದು ಬೋರ್ಡಿನ ಮೇಲೆ ದುಂಡಗೆ ಬರೆದು, ಚಪ್ಪಾಳೆ ತಟ್ಟಿಸಿ, ಸಂಜೆ ಸಿಟಿ ಬಸ್ ಸ್ಟ್ಯಾಂಡಿಗೆ ಬಂದೆ. ಮಾರ್ಚ್ ತಿಂಗಳ ಸೆಕೆ, ಸೀರೆ ಬೆನ್ನಿಗೆ ಅಂಟಿತ್ತು, ಮೊಣಕಾಲು ತನ್ನ ಇರವನ್ನು ತಿಳಿಸುತ್ತಿತ್ತು. ಬೈಕಂಪಾಡಿಗೆ ಹೋಗುವ ಬಸ್ಸು ತಿರುಗಿಕೊಂಡು ಬಂತು. ನಾನು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ತಾನಾಗಿ ಬ್ಯಾಗಿಗೆ ಹೋಯಿತು, ಮೂರನೇ ಕಿಟಕಿಯ ಎರಡು ಸರಳಿನ ಮಧ್ಯದಿಂದ ಕರ್ಚೀಫು ಹಾರಿತು. ಒಳಗೆ ‘ಟಕ್’ ಎಂದದ್ದು ನನಗೆ ಹೊರಗೆ ಕೇಳಿಸಿತು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಹತ್ತಿ, ನೂಕಿಸಿಕೊಂಡು ನನ್ನ ಸೀಟಿನ ಹತ್ತಿರ ಬಂದರೆ, ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬರು ಅದೇ ಸೀಟಿನಲ್ಲಿ ಇನ್ನೇನು ಕೂರಬೇಕೆನ್ನುವಾಗ ಕರ್ಚೀಫು ಕಂಡು ಅರ್ಧಕ್ಕೇ ಎದ್ದು ನಿಂತಿದ್ದರು. ನಾನು ಕರ್ಚೀಫು ಎತ್ತಿಕೊಂಡು ಕೂತೆ. ಕೂತ ಮೇಲೆ ತಲೆ ಎತ್ತಿದೆ. ಆ ಹೆಂಗಸಿನ ಪಕ್ಕದಲ್ಲಿ ಎರಡು ದೊಡ್ಡ ಕಣ್ಣು.

“ಗುಡ್ ಈವ್ನಿಂಗ್ ಟೀಚರ್,” ಎಂದಳು ರಿಫಾ. “ಇದು ನನ್ನ ಅಜ್ಜಿ. ನಾವು ಕೂಳೂರಿಗೆ, ಅತ್ತೆ ಮನೆಗೆ.”

ನಾನು ಏಳಬೇಕಿತ್ತು. ಎದ್ದೆ ಕೂಡ, ಆದರೆ ಹೇಗೆ ಎದ್ದೆ ಎಂದು ನಿಮಗೆ ಗೊತ್ತು. ಸೀಟಿನಿಂದ ಎರಡು ಬೆರಳಷ್ಟು. ‘ಬೇಡ’ ಎನ್ನಿಸಿಕೊಳ್ಳಲಿಕ್ಕೆಂದೇ ಏಳುತ್ತೇವಲ್ಲ, ಹಾಗೆ. “ನೀವು ಕೂತುಕೊಳ್ಳಿ ಉಮ್ಮ,” ಎಂದೆ.

“ಬೇಡ ಬೇಡ ಟೀಚರೇ,” ಎಂದರು ಅಜ್ಜಿ, ನನ್ನ ಹೆಗಲು ಒತ್ತಿ ಕೂರಿಸಿ. “ನೀವು ಇಡೀ ದಿನ ನಿಂತು ನಿಂತು ಮಕ್ಕಳಿಗೆ ಪಾಠ ಮಾಡಿದ್ದೀರಿ. ನನಗೆಂತ, ಕೂಳೂರು ಇಲ್ಲೇ ಅಲ್ವಾ?”

ಕೂಳೂರು ಇಲ್ಲೇ ಅಲ್ಲ. ಶುಕ್ರವಾರ ಸಂಜೆಯ ಟ್ರಾಫಿಕ್ಕಿನಲ್ಲಿ ಅದು ದುಬೈಗಿಂತ ಸ್ವಲ್ಪ ಹತ್ತಿರ, ಅಷ್ಟೇ. ಕಂಡಕ್ಟರ್ “ದುಂಬು ಪೋಲೆ, ದುಂಬು ಪೋಲೆ” ಎಂದು ಎಲ್ಲರನ್ನೂ ಮುಂದಕ್ಕೆ ತಳ್ಳುತ್ತಿದ್ದ. ಅಜ್ಜಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದು, ಬ್ರೇಕು ಹಾಕಿದಾಗಲೆಲ್ಲ ನನ್ನ ಮೇಲೆ ವಾಲುತ್ತಾ, ವಾಲಿದ್ದಕ್ಕೆ ನನ್ನಲ್ಲೇ ಕ್ಷಮೆ ಕೇಳುತ್ತಾ ನಿಂತಿದ್ದರು. ಆಗ ಮೌಲ್ಯ ಶಿಕ್ಷಣದ ಟೀಚರ್ ಏನು ಮಾಡಿದಳು? ನಿದ್ದೆ ಮಾಡಿದಳು. ಅಂದರೆ ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ನಂಬಲಿಕ್ಕೆ ಬೇಕಾದಷ್ಟು ಗೊರಕೆಯನ್ನೂ ಹೊಡೆದಳು. ಕೂಳೂರು ಬಂದಾಗ ಯಾರೋ ಕೆಳಗೆ ಬಿದ್ದಿದ್ದ ಕರ್ಚೀಫನ್ನು ಎತ್ತಿ, ಮಡಚಿ, ನನ್ನ ಮಡಿಲಲ್ಲಿ ಮೆಲ್ಲನೆ ಇಟ್ಟರು. ಸಣ್ಣ ಕೈ. ನನಗೆ ಕಣ್ಣು ತೆರೆಯುವ ಧೈರ್ಯ ಬರಲಿಲ್ಲ. ಬೈಕಂಪಾಡಿಯ ಸ್ಟಾಪೂ ದಾಟಿಹೋಗಿ, ಹಿಂದಕ್ಕೆ ನಡೆದುಕೊಂಡು ಮನೆಗೆ ಬಂದೆ.

ಶನಿವಾರ ರಜೆ ಹಾಕಿ ಸೋಮವಾರ ಶಾಲೆಗೆ ಹೋದರೆ ಅಂಗಳದಲ್ಲಿ ಎಂಥದೋ ಬದಲಾಗಿತ್ತು. ನಲ್ಲಿಯ ಹತ್ತಿರ ಸಾಲಿರಲಿಲ್ಲ. ನಲ್ಲಿಯ ತಲೆಯ ಮೇಲೆ ಒಂದು ಕರ್ಚೀಫು ಇತ್ತು. ಜೋಕಾಲಿಯ ಮೇಲೊಂದು, ಮುಂದಿನ ಬೆಂಚಿನ ಮೇಲೆ ಎರಡು. ಬಿಸಿಯೂಟದ ಜಗಲಿಯಲ್ಲಿ ಬೆಳಿಗ್ಗೆ ಒಂಬತ್ತೂವರೆಗೇ ಹನ್ನೆರಡು ಕರ್ಚೀಫು ಸಾಲಾಗಿ ಕೂತು ಊಟಕ್ಕೆ ಕಾಯುತ್ತಿದ್ದವು. ಮನ್ವಿತ್ ತನ್ನದರ ತುದಿಗೆ ರಬ್ಬರು ಕಟ್ಟಿ ಎಸೆಯುವುದನ್ನು ಅಭ್ಯಾಸ ಮಾಡುತ್ತಿದ್ದ.

“ಇದೆಂತ ಮಾರಾಯ?” ಎಂದೆ.

“ಸೀಟು ಹಿಡಿಯುವುದು ಟೀಚರ್. ಎಸೆದರೆ ಆಯಿತು, ಕ್ಯೂ ಬೇಡ. ಅದು ಸರಿ ಅಂತ ರಿಫಾ ಹೇಳಿದ್ದು.”

“ರಿಫಾಳಿಗೆ ಯಾರು ಹೇಳಿದ್ದು?”

“ಅದು ಅವಳು ಹೇಳುವುದಿಲ್ಲ.”

ಒಂದು ವರ್ಷ ಬೋರ್ಡಿನ ಮೇಲೆ ಬರೆದದ್ದು ಒಂದು ಕರ್ಚೀಫಿನಲ್ಲಿ ಒರೆಸಿಹೋಗಿತ್ತು. ನಾನು ಏನಾದರೂ ಮಾಡಬೇಕು ಎಂದು ಯೋಚಿಸುವಷ್ಟರಲ್ಲಿ ಐರಿನ್ ಟೀಚರ್ ನಮ್ಮ ಕ್ಲಾಸಿನ ಬಾಗಿಲಿಗೆ ಬಂದರು. ಅವರ ಕೈಯಲ್ಲಿ, ಎರಡು ಬೆರಳಿನ ತುದಿಯಲ್ಲಿ, ಗುಲಾಬಿ ಹೂವಿನ ಕರ್ಚೀಫು. ಮೂಲೆಯಲ್ಲಿ ನೂಲಿನಿಂದ ‘ರಿಫಾ’ ಎಂದು ಹೊಲಿದಿತ್ತು.

“ಇದು ನನ್ನ ಕುರ್ಚಿಯ ಮೇಲಿತ್ತು,” ಎಂದರು. ಐರಿನ್ ಟೀಚರಿಗೆ ಆ ಕುರ್ಚಿ ಬಹಳ ಮುಖ್ಯ. ಶಾಲೆಯಲ್ಲಿ ಕುಶನ್ ಇರುವ ಕುರ್ಚಿ ಅದೊಂದೇ. “ಹೆಡ್ ಟೀಚರ ಕುರ್ಚಿಗೆ ಸೀಟು ಹಿಡಿಯುವುದಾ? ಅದೂ ಶಿಸ್ತು ಮಂತ್ರಿ? ಯಾರು ಕಲಿಸಿದ್ದು ಇದನ್ನು?”

ರಿಫಾ ಎದ್ದು ನಿಂತಳು. ನನ್ನನ್ನು ನೋಡಲಿಲ್ಲ. “ಯಾರೂ ಇಲ್ಲ ಟೀಚರ್. ನಾನೇ.”

“ಹಾಗಾದರೆ ಬ್ಯಾಡ್ಜು ಕೊಡು.”

ನಿಜ ಹೇಳುತ್ತೇನೆ, ಆಗಲೂ ನಾನು ಸುಮ್ಮನಿದ್ದೆ. ನಿವೃತ್ತಿಗೆ ನಾಲ್ಕು ವರ್ಷ ಉಂಟು, ಮಕ್ಕಳ ಆಟ ನಾಳೆಗೆ ಮರೆತುಹೋಗುತ್ತದೆ, ಬ್ಯಾಡ್ಜು ಇನ್ನೊಂದು ಮಾಡಿಕೊಟ್ಟರಾಯಿತು ಎಂದೆಲ್ಲ ಮನಸ್ಸು ಲೆಕ್ಕ ಹಾಕಿತು. ರಿಫಾ ಪಿನ್ನು ಬಿಚ್ಚಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ತುಟಿ ಕಚ್ಚಿಕೊಂಡು ನೋಡಿದಳು. ಕೊನೆಗೆ, ಪ್ರತಿ ಬೆಳಿಗ್ಗೆ ಬರುವ ಹಾಗೆಯೇ ನನ್ನ ಮುಂದೆ ಬಂದು ಎದೆ ಸೆಟೆಸಿ ನಿಂತಳು. ನಾನು ಬಿಚ್ಚಿಕೊಡಬೇಕು.

ಪಿನ್ನಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

“ಐರಿನ್ ಟೀಚರ್,” ಎಂದೆ. ನನ್ನ ದೊಡ್ಡ ಸ್ವರ ಎಲ್ಲಿ ಹೋಗಿತ್ತೋ. “ಕಲಿಸಿದ್ದು ನಾನು. ಶುಕ್ರವಾರ ಬಸ್ಸಿನಲ್ಲಿ ನಾನು ಕರ್ಚೀಫು ಎಸೆದೆ. ಇವಳ ಅಜ್ಜಿ ಕೂರುವ ಸೀಟಿನಲ್ಲಿ ನಾನು ಕೂತೆ. ಸಾರಿ. ಆದರೆ ನನಗೆ ಆ ದಿನ ಕಾಲು...”

“ಔಟ್!” ಎಂದಿತು ಇಡೀ ಕ್ಲಾಸು.

ಐರಿನ್ ಟೀಚರ್ ಬೆಚ್ಚಿಬಿದ್ದರು. ನಾನು ಮೊದಲಿನಿಂದ ಶುರುಮಾಡಿದೆ. “ನಾನು ಕರ್ಚೀಫು ಎಸೆದೆ. ಅಜ್ಜಿ ಕೂಳೂರಿನವರೆಗೆ ನಿಂತರು. ನಾನು ನಿದ್ದೆಯ ನಾಟಕ ಮಾಡಿದೆ. ನಾನು ಕೂತುಕೊಳ್ಳಿ ಎಂದಿದ್ದೆ, ಆದರೆ ಅವರೇ...”

“ಔಟ್!”

“ಟೀಚರ್, ಅದು ಎರಡನೇ ಸಲ,” ಎಂದ ಮನ್ವಿತ್, ಬಹಳ ಕರುಣೆಯಿಂದ. “ಮೆಲ್ಲ ಹೇಳಿ. ನನಗೂ ಮೊದಲು ಹಾಗೇ ಆಗ್ತಿತ್ತು.”

ಮೂರನೇ ಸಲ ಪಾಸಾದೆ. ಮಾಡಿದ್ದನ್ನು ಹೇಳಿದೆ, ಅಜ್ಜಿಗೆ ನೋವಾಯಿತು, ರಿಫಾಳಿಗೆ ನಾನು ಹೇಳಿದ್ದರಲ್ಲೇ ನಂಬಿಕೆ ಹೋಯಿತು ಎಂದೆ, ಇವತ್ತೇ ಅವರ ಮನೆಗೆ ಹೋಗಿ ಸಾರಿ ಹೇಳುತ್ತೇನೆ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಐರಿನ್ ಟೀಚರ್ ತಟ್ಟಬೇಕೋ ಬೇಡವೋ ಗೊತ್ತಾಗದೆ ಕೈಯಲ್ಲಿದ್ದ ಕರ್ಚೀಫನ್ನು ಮಡಚಿದರು.

“ಸರಿ, ಬ್ಯಾಡ್ಜು ಇರಲಿ,” ಎಂದರು. “ಆದರೂ ನನ್ನ ಕುರ್ಚಿ ನಿನಗೆ ಎಂತಕ್ಕೆ ಮಗು?”

“ನನಗಲ್ಲ ಟೀಚರ್,” ಎಂದಳು ರಿಫಾ, ನೆಲ ನೋಡುತ್ತಾ. “ವಾರಿಜ ಟೀಚರಿಗೆ. ಅವರು ಇಡೀ ದಿನ ನಿಂತು ನಿಂತು ಪಾಠ ಮಾಡ್ತಾರಂತೆ. ಅಜ್ಜಿ ಹೇಳಿದ್ದು.”

ಮುಖ ಒರೆಸುವ ಕರ್ಚೀಫು ಆ ದಿನವೇ ಕಳೆದುಹೋಗಬೇಕೇ? ಎಸೆಯುವ ಕರ್ಚೀಫಿನಲ್ಲೇ ಕಣ್ಣೊರೆಸಿಕೊಂಡೆ. ಹುಣಸೆ ಬೀಜ ಮೂಗಿಗೆ ತಾಗಿತು.

ಸಂಜೆ ರಿಫಾಳ ಜೊತೆ ಅವರ ಮನೆಗೆ ಹೋದೆ. ಅಜ್ಜಿ ನನ್ನನ್ನು ಕಂಡು ಸಂಭ್ರಮದಿಂದ ಒಳಗೆ ಕರೆದು, ಮಾತೇ ಆಡಲು ಬಿಡದೆ ಮುಂದೆ ಚಹಾ, ಬಿಸ್ಕುಟು, ಬಾಳೆಹಣ್ಣು ಇಟ್ಟರು. ನಾನು ಮೆಟ್ಟಿಲು ತಪ್ಪದ ಹಾಗೆ ಸಾರಿ ಹೇಳಿದೆ.

“ಎಂತ ಟೀಚರೇ ನೀವು! ನನಗೆ ಎಂತದೂ ಆಗಲಿಲ್ಲ,” ಎಂದು ಅವರು ನಕ್ಕುಬಿಟ್ಟರು.

“ಅಜ್ಜೀ,” ಎಂದಳು ರಿಫಾ ಬಾಗಿಲ ಹತ್ತಿರದಿಂದ. “ಅತ್ತೆ ಮನೆಯಲ್ಲಿ ನಿಮ್ಮ ಕಾಲಿಗೆ ಎಣ್ಣೆ ಹಚ್ಚಿದ್ದು ನಾನು.”

ಅಜ್ಜಿ ನಗು ನಿಲ್ಲಿಸಿದರು. ನಾನು ಚಹಾದ ಲೋಟ ಕೆಳಗಿಟ್ಟೆ. “ಹೌದು, ನೋವಿತ್ತು,” ಎಂದರು ಅಜ್ಜಿ ಮೆಲ್ಲನೆ. “ಸಾರಿ ಹೇಳಲಿಕ್ಕೆ ಬಂದಿರಲ್ಲ, ಅದು ದೊಡ್ಡದು.”

ಹೊರಡುವಾಗ ಗೇಟಿನ ತನಕ ಬಂದರು. ಮೊಮ್ಮಗಳು ಒಳಗಿದ್ದಾಳೆಂದು ಎರಡು ಸಲ ತಿರುಗಿ ನೋಡಿ ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದರು.

“ಅವಳಿಗೆ ಹೇಳಬೇಡಿ ಟೀಚರೇ. ನಾನೂ ಮೊದಲೆಲ್ಲ ಎಸೆಯುತ್ತಿದ್ದೆ. ಈಗ ಇವಳ ಹೆದರಿಕೆಯಿಂದ ಬಿಟ್ಟದ್ದು. ನನ್ನದು ಯಾವಾಗಲೂ ಹಾರಿ ಬೇರೆ ಸೀಟಿಗೆ ಬೀಳ್ತಿತ್ತು. ನಿಮ್ಮದು ಅಷ್ಟು ಸರಿಯಾಗಿ ಕೂತಿತಲ್ಲ, ತುದಿಗೆ ಎಂತ ಕಟ್ಟಿದ್ದೀರಿ?”

ನಾನು ಮೌಲ್ಯ ಶಿಕ್ಷಣದ ಟೀಚರ್. ಅಂದು ಬೆಳಿಗ್ಗೆಯಷ್ಟೇ ಇಡೀ ತರಗತಿಯ ಮುಂದೆ ಶುದ್ಧಳಾದವಳು. ನಾನೂ ಒಮ್ಮೆ ಒಳಗೆ ಇಣುಕಿ ನೋಡಿದೆ.

“ಹುಣಸೆ ಬೀಜ,” ಎಂದೆ ಪಿಸುದನಿಯಲ್ಲಿ.

ಅಂದಿನಿಂದ ನಾನು ಕರ್ಚೀಫು ಎಸೆದಿಲ್ಲ. ದೊಡ್ಡ ತ್ಯಾಗವೇನಲ್ಲ, ಹೆದರಿಕೆ. ಶಾಲೆಯ ಮಕ್ಕಳು ಯಾವ ಸ್ಟಾಪಿನಲ್ಲಿ ಬೇಕಾದರೂ ಇರಬಹುದು. ಬಸ್ಸು ತಿರುಗುವಾಗ ಬಲಗೈ ಈಗಲೂ ಬ್ಯಾಗಿನೊಳಗೆ ಹೋಗಿ ಬೀಜವನ್ನು ಮುಟ್ಟಿ ನೋಡಿ ಬರುತ್ತದೆ. ಹೆಚ್ಚಿನ ದಿನ ನಿಂತೇ ಹೋಗುತ್ತೇನೆ.

ಹೋದ ವಾರವೂ ಹಾಗೇ ನಿಂತಿದ್ದೆ. ಎರಡನೇ ಸೀಟಿನಲ್ಲಿ ಅಜ್ಜಿಯೂ ಮೊಮ್ಮಗಳೂ ಕೂತಿದ್ದರು. ಸರದಿಯಲ್ಲಿ ಮೊದಲು ಬಂದು ಹತ್ತಿದವರು, ನ್ಯಾಯವಾದ ಸೀಟು. ನನ್ನನ್ನು ಕಂಡ ಕೂಡಲೇ ರಿಫಾ ಎದ್ದಳು. ಎರಡು ಬೆರಳಷ್ಟಲ್ಲ, ಪೂರ್ತಿ ಎದ್ದು ಪಕ್ಕಕ್ಕೆ ಬಂದಳು.

“ಕೂತುಕೊಳ್ಳಿ ಟೀಚರ್.”

“ಬೇಡ ಬೇಡ ಮಗು,” ಎಂದೆ ನಾನು. “ಬೈಕಂಪಾಡಿ ಇಲ್ಲೇ ಅಲ್ವಾ?”

ಅವಳು ಕೂರಲಿಲ್ಲ. ಆ ದೊಡ್ಡ ಕಣ್ಣಿನಿಂದ ನನ್ನನ್ನೇ ನೋಡಿದಳು.

“ಇದು ನೀವು ಕ್ಲಾಸಿನಲ್ಲಿ ಹೇಳಿದ ಬೇಡವಾ ಟೀಚರ್,” ಎಂದು ಕೇಳಿದಳು, “ಅಥವಾ ಆ ದಿನ ಬಸ್ಸಿನಲ್ಲಿ ಅಜ್ಜಿ ಹೇಳಿದ ಬೇಡವಾ?”

ಅಜ್ಜಿ ಕಿಟಕಿಯ ಹೊರಗೆ ನೋಡತೊಡಗಿದರು. ಮೊಣಕಾಲು ನನ್ನ ಪರವಾಗಿ ಉತ್ತರ ಹೇಳಲು ತಯಾರಾಗಿತ್ತು.

“ಅಜ್ಜಿ ಹೇಳಿದ್ದು,” ಎಂದೆ, ಮತ್ತು ಕೂತೆ.